ಹೆದರಿಸಿದ್ದು ಸಾಕು, ತಿಳಿಸಿ ಹೇಳೋಣ

ಎಚ್‌ಐವಿ ಬಗ್ಗೆ ಮಾತಾಡಲು ಕಾಲೇಜಿಗೋ ಗಾರ್ಮೆಂಟ್ಸ್ ಕಾರ್ಖಾನೆಗೋ ಹೊರಟ ಸ್ವಯಂಸೇವಕರಿಗೆ ನಾನು ಮೊದಲು ಹೇಳುವ ಮಾತು ಇದು: ಭಾಷಣ ಆಮೇಲಿರಲಿ, ಖಾಲಿ ಚೀಟಿ ಹಂಚಿ. ಹೆಸರು ಬರೆಯುವುದು ಬೇಡ. ಪ್ರಶ್ನೆ ಇದ್ದವರು ಬರೆಯಲಿ, ಇಲ್ಲದವರು ಖಾಲಿ ಚೀಟಿಯನ್ನೇ ಮಡಚಿ ಡಬ್ಬಿಗೆ ಹಾಕಲಿ. ಆದರೆ ಎಲ್ಲರೂ ಹಾಕಲೇಬೇಕು. ಆಗ ಕೇಳಿದವರು ಯಾರೆಂದು ಪಕ್ಕದಲ್ಲಿ ಕೂತವರಿಗೂ ತಿಳಿಯುವುದಿಲ್ಲ. ಕೈಯೆತ್ತಿ ಕೇಳಿ ಎಂದರೆ ಬರುವುದು ಪರೀಕ್ಷೆಗೆ ಬೇಕಾದಂಥ ಪ್ರಶ್ನೆಗಳು. ಚೀಟಿಯಲ್ಲಿ ಬರುವುದೇ ಬೇರೆ. ಸೊಳ್ಳೆ ಕಚ್ಚಿದರೆ ಬರುತ್ತಾ? ಮುತ್ತು ಕೊಟ್ಟರೆ? ಕ್ಷೌರದಂಗಡಿಯ ಬ್ಲೇಡಿನಿಂದ? ಕಾಂಡೋಮ್ ಹರಿದುಹೋದರೆ ಏನು ಮಾಡಬೇಕು? ನಮ್ಮ ಮನೆಯಲ್ಲೊಬ್ಬರು ಆ ಮಾತ್ರೆ ತಗೋತಾರೆ, ಅವರ ತಟ್ಟೆ ಲೋಟ ಬೇರೆ ಇಡಬೇಕಾ?

ಇವಕ್ಕೆ ಕಾರಣ ಸಮೇತ ಉತ್ತರ ಕೊಡಬೇಕು. ‘ಸೊಳ್ಳೆಯಿಂದ ಬರುವುದಿಲ್ಲ’ ಎಂದಷ್ಟೇ ಹೇಳಿದರೆ ಕೇಳಿದವರು ತಲೆಯಾಡಿಸಿ ಎದ್ದು ಹೋಗುತ್ತಾರೆ, ನಂಬಿರುವುದಿಲ್ಲ. ಮಲೇರಿಯಾ, ಡೆಂಗಿ ಬರುತ್ತಲ್ಲ, ಇದೊಂದು ಯಾಕೆ ಬರಲ್ಲ ಎಂಬುದು ಅವರ ಮನಸ್ಸಿನಲ್ಲಿ ಉಳಿದೇ ಇರುತ್ತದೆ. ಸೊಳ್ಳೆ ಕಚ್ಚುವಾಗ ನಮ್ಮೊಳಗೆ ಬಿಡುವುದು ತನ್ನ ಜೊಲ್ಲನ್ನು. ಹಿಂದೆ ಹೀರಿದವರ ರಕ್ತ ಅದರ ಹೊಟ್ಟೆಯಲ್ಲೇ ಇರುತ್ತದೆ. ಮಲೇರಿಯಾದ ಪರಾವಲಂಬಿ, ಡೆಂಗಿಯ ವೈರಸ್ ಸೊಳ್ಳೆಯ ದೇಹದಲ್ಲಿ ಬೆಳೆದು ಆ ಜೊಲ್ಲಿಗೆ ಬರಬಲ್ಲವು. ಎಚ್‌ಐವಿಗೆ ಅದು ಆಗದು, ಸೊಳ್ಳೆಯ ಹೊಟ್ಟೆಯಲ್ಲಿ ಅದು ಆಹಾರದ ಜೊತೆ ಜೀರ್ಣವಾಗಿ ಹೋಗುತ್ತದೆ. ಇಷ್ಟು ಬಿಡಿಸಿ ಹೇಳಿದರೆ ಏಳನೇ ಕ್ಲಾಸಿನ ಹುಡುಗಿಗೂ ಅರ್ಥವಾಗುತ್ತದೆ, ಮನೆಗೆ ಹೋಗಿ ಅಜ್ಜಿಗೂ ಹೇಳುತ್ತಾಳೆ. ಬೆವರು, ಕಣ್ಣೀರು, ಎಂಜಲು, ಒಂದೇ ತಟ್ಟೆ, ಒಂದೇ ಶೌಚಾಲಯ, ಅಪ್ಪುಗೆ ಇವು ಯಾವುದರಿಂದಲೂ ಎಚ್‌ಐವಿ ದಾಟುವುದಿಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕ, ಹಂಚಿಕೊಂಡ ಸೂಜಿ, ಪರೀಕ್ಷಿಸದ ರಕ್ತ, ಹೆರಿಗೆ ಮತ್ತು ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ: ದಾರಿಗಳು ಇವು. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಕೇಳುವುದು ಒಳ್ಳೆಯದೇ, ಅದು ಹೆಪಟೈಟಿಸ್-ಬಿಯಂಥ ಬೇರೆ ಸೋಂಕುಗಳಿಂದಲೂ ಕಾಯುತ್ತದೆ.

ಕಾಂಡೋಮ್ ಹರಿದ ಚೀಟಿಗೆ ಉತ್ತರ ಗೊತ್ತಿಲ್ಲದ ಸ್ವಯಂಸೇವಕರನ್ನು ಬಹಳ ಕಂಡಿದ್ದೇನೆ. ತುರ್ತಾಗಿ ತಿಳಿದಿರಬೇಕಾದದ್ದು ಅದೇ. ಸೋಂಕು ತಗುಲಿರಬಹುದಾದ ಘಟನೆ ನಡೆದು 72 ಗಂಟೆಯೊಳಗೆ ಔಷಧ ಆರಂಭಿಸಿದರೆ ವೈರಸ್ ದೇಹದಲ್ಲಿ ಬೇರೂರದಂತೆ ತಡೆಯಬಹುದು. ಪೆಪ್ ಎಂದು ಕರೆಯುವ ಈ ಔಷಧವನ್ನು 28 ದಿನ ತಪ್ಪದೆ ನುಂಗಬೇಕು. ಮೂರನೇ ದಿನದವರೆಗೆ ಕಾಯಬಹುದು ಎಂದು ಇದರ ಅರ್ಥವಲ್ಲ. ಮೊದಲ ಕೆಲವು ಗಂಟೆಗಳಲ್ಲೇ ಶುರುವಾದರೆ ಬಹಳ ಒಳ್ಳೆಯದು. ವಾರ್ಡಿನಲ್ಲಿ ಸೂಜಿ ಚುಚ್ಚಿಕೊಂಡ ನರ್ಸ್‌ಗೆ, ಅತ್ಯಾಚಾರಕ್ಕೆ ಒಳಗಾದವರಿಗೆ ಈ ಮಾತು ಸಮಯಕ್ಕೆ ತಲುಪಿದರೆ ಮುಂದಿನ ಬದುಕೇ ಬೇರೆಯಾಗುತ್ತದೆ. ಎಷ್ಟೋ ಜಾಗೃತಿ ಜಾಥಾಗಳು ಕೈಗೆ ಕೆಂಪು ರಿಬ್ಬನ್ ಕಟ್ಟಿ, ಘೋಷಣೆ ಕೂಗಿಸಿ ಮುಗಿಯುತ್ತವೆ. ಈ 72 ಗಂಟೆಯ ವಿಷಯ ಒಬ್ಬರ ಕಿವಿಗೂ ಬಿದ್ದಿರುವುದಿಲ್ಲ.

ಯಾಕೆ ಹೀಗಾಯಿತು ಎಂದರೆ, ನಾವು ಈ ರೋಗದ ಪಾಠವನ್ನು ಆರಂಭಿಸಿದ್ದೇ ಹೆದರಿಸುವುದರಿಂದ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಡಾ. ಸುನೀತಿ ಸೊಲೊಮನ್ ಅವರ ವಿದ್ಯಾರ್ಥಿನಿ ನಿರ್ಮಲಾ ಲೈಂಗಿಕ ವೃತ್ತಿಯ ಮಹಿಳೆಯರಿಂದ ರಕ್ತದ ಮಾದರಿ ಪಡೆದು, ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಒಯ್ದು ಪರೀಕ್ಷಿಸಿದರು. ಅದು ಪರದೇಶದ ರೋಗ, ನಮ್ಮಲ್ಲಿಗೆ ಬಾರದು ಎಂದುಕೊಂಡಿದ್ದ ದೇಶ ಬೆಚ್ಚಿತು. ಬೆಚ್ಚಿದ್ದು ತಿಳಿವಳಿಕೆಗೆ ತಿರುಗುವ ಬದಲು ಶಿಕ್ಷೆಗೆ ತಿರುಗಿತು. 1989ರಲ್ಲಿ ನೆರೆಯ ಗೋವಾದಲ್ಲಿ ಡೊಮಿನಿಕ್ ಡಿಸೋಜ ಎಂಬ ಯುವಕ ರಕ್ತದಾನ ಮಾಡಿದ್ದ. ಆ ರಕ್ತದಲ್ಲಿ ಎಚ್‌ಐವಿ ಪತ್ತೆಯಾಯಿತು. ಪೊಲೀಸರು ಬಂದು ಅವನನ್ನು ಕರೆದೊಯ್ದರು. ಆಗ ಜಾರಿಯಲ್ಲಿದ್ದ ಗೋವಾ ಸಾರ್ವಜನಿಕ ಆರೋಗ್ಯ ಕಾನೂನಿನಡಿ, ಹಿಂದೆ ಕ್ಷಯ ರೋಗಿಗಳಿದ್ದ ಕಟ್ಟಡದಲ್ಲಿ 64 ದಿನ ಕೂಡಿಹಾಕಿದರು. ಅವನು ಮಾಡಿದ ಅಪರಾಧ ರಕ್ತದಾನ. ಬಿಡುಗಡೆಯ ನಂತರ ಡೊಮಿನಿಕ್ ಸುಮ್ಮನೆ ಕೂರಲಿಲ್ಲ. ತನ್ನಂಥವರಿಗಾಗಿ ‘ಪಾಸಿಟಿವ್ ಪೀಪಲ್’ ಸಂಸ್ಥೆ ಕಟ್ಟಿದ, 1992ರಲ್ಲಿ ತೀರಿಕೊಂಡ. ಸೋಂಕಿದ್ದೂ ಮುಖ ಮುಚ್ಚಿಕೊಳ್ಳದೆ ಊರಿನ ಮುಂದೆ ನಿಂತು ಪಾಠ ಹೇಳಿದ ಮೊದಲಿಗರಲ್ಲಿ ಅವನೊಬ್ಬ. ಅವನಿಗೆ ನಾವು ಸಲ್ಲಿಸಬೇಕಾದ ಗೌರವ ಇನ್ನೂ ಬಾಕಿಯಿದೆ ಎಂದೇ ನನ್ನ ಭಾವನೆ.

ಅದೇ ಕಾಲದಲ್ಲಿ ನಮ್ಮ ಬಸ್‌ಸ್ಟ್ಯಾಂಡು, ಆಸ್ಪತ್ರೆಗಳ ಗೋಡೆ ಮೇಲೆ ತಲೆಬುರುಡೆಯ ಚಿತ್ರಗಳು ಬಂದವು. ‘ಮಾರಕ’, ‘ಮದ್ದಿಲ್ಲ’ ಎಂಬ ದಪ್ಪಕ್ಷರಗಳು. ಬರೆಸಿದವರ ಉದ್ದೇಶ ಕೆಟ್ಟದ್ದೇನೂ ಆಗಿರಲಿಲ್ಲ, ಆಗ ಕೈಯಲ್ಲಿ ಮದ್ದೂ ಇರಲಿಲ್ಲ. ಆದರೆ ಮದ್ದಿಲ್ಲದ ರೋಗ ತನಗಿದೆಯೋ ಇಲ್ಲವೋ ಎಂದು ತಿಳಿದುಕೊಳ್ಳಲು ಯಾರು ತಾನೇ ಮುಂದೆ ಬರುತ್ತಾರೆ? ಹೆದರಿದವರು ರೋಗದಿಂದ ದೂರ ಓಡಲಿಲ್ಲ, ಪರೀಕ್ಷೆಯಿಂದ ದೂರ ಓಡಿದರು. ಅದರ ಫಲವನ್ನು ಉತ್ತರ ಕರ್ನಾಟಕ ಉಂಡಿತು. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಮನೆಮನೆಯ ಜನರ ನಡುವೆ ನಡೆದ ಸಮೀಕ್ಷೆ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಸೋಂಕು ಕಂಡಿತು. ಇಡೀ ದೇಶದ ಇಂದಿನ ಪ್ರಮಾಣ ಸಾವಿರಕ್ಕೆ ಇಬ್ಬರು ಎಂಬುದರ ಪಕ್ಕದಲ್ಲಿಟ್ಟು ನೋಡಿದರೆ ಆ ಅಂಕಿಯ ತೂಕ ತಿಳಿಯುತ್ತದೆ. ಇವತ್ತಿಗೂ ದೇಶದಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರಲ್ಲಿ ಸುಮಾರು ಐವರಿಗೊಬ್ಬರಿಗೆ ತಮಗೆ ಸೋಂಕಿರುವುದೇ ಗೊತ್ತಿಲ್ಲ ಎಂಬುದು ಅಂದಾಜು.

ಗೊತ್ತಾಗದಿರುವುದಕ್ಕೆ ವೈರಸ್ಸಿನ ಸ್ವಭಾವವೂ ಕಾರಣ. ಅದು ಹಿಡಿಯುವುದು ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು. ಬೇರೆ ರೋಗ ಬಂದಾಗ ದೇಹವನ್ನು ಎಚ್ಚರಿಸುವ ಕಣಗಳು ಅವೇ. ಕಳ್ಳ ಬಂದು ಕಾವಲುಗಾರನ ಕೋಣೆಯಲ್ಲೇ ಬಿಡಾರ ಹೂಡಿದ ಹಾಗೆ. ಚಿಕಿತ್ಸೆ ಇಲ್ಲದಿದ್ದರೂ ಎಂಟು ಹತ್ತು ವರ್ಷ ಮನುಷ್ಯ ಗಟ್ಟಿಮುಟ್ಟಾಗಿಯೇ ಓಡಾಡಿಕೊಂಡಿರಬಹುದು. ಆದ್ದರಿಂದ ‘ನೋಡಿದರೆ ಗೊತ್ತಾಗುತ್ತದೆ’ ಎಂಬ ಮಾತನ್ನು ಎಲ್ಲಿ ಕೇಳಿದರೂ ಅಲ್ಲೇ ತಡೆದು ತಿದ್ದಬೇಕು. ಇನ್ನೊಂದು ಸೂಕ್ಷ್ಮವಿದೆ: ಇವತ್ತು ಸೋಂಕು ತಗುಲಿದರೆ ನಾಳೆಯ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ದೇಹ ಪ್ರತಿಕಾಯಗಳನ್ನು ಮಾಡಿಕೊಳ್ಳಲು ಸಮಯ ಬೇಕು, ಹಾಗಾಗಿ ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲು ಹೇಳುತ್ತಾರೆ.

ಹೆದರಿಕೆಯ ಪಾಠವನ್ನು ಕೈಬಿಟ್ಟು ಬೇರೆ ರೀತಿ ಕಲಿಸಬಹುದು ಎಂದು ತೋರಿಸಿದವರು ಡಾಕ್ಟರರಿಗಿಂತ ಹೆಚ್ಚಾಗಿ, ಊರು ಯಾರನ್ನು ಬೈಯುತ್ತಿತ್ತೋ ಆ ಹೆಂಗಸರೇ. ಕೋಲ್ಕತ್ತದ ಕೆಂಪುದೀಪದ ಬಡಾವಣೆ ಸೋನಾಗಾಚಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಲೈಂಗಿಕ ವೃತ್ತಿಯ ಮಹಿಳೆಯರನ್ನೇ ಶಿಕ್ಷಕಿಯರನ್ನಾಗಿ ತಯಾರು ಮಾಡಿದರು. ಆ ದಾರಿ ನಮ್ಮ ಮೈಸೂರಿಗೆ ಬಂದದ್ದು 2004ರಲ್ಲಿ. ಮೈಸೂರಿನಲ್ಲಿ ಸೋನಾಗಾಚಿಯಂಥ ಓಣಿಯಿಲ್ಲ. ಹೆಂಗಸರು ಬಸ್‌ಸ್ಟ್ಯಾಂಡ್, ಮಾರುಕಟ್ಟೆ, ರಸ್ತೆಬದಿಗಳಲ್ಲಿ ಚದುರಿಹೋಗಿದ್ದರು. ಹೊರಗಿನವರು ಹುಡುಕಿಕೊಂಡು ಹೋದರೆ ಒಬ್ಬರೂ ಸಿಕ್ಕುವಂತಿರಲಿಲ್ಲ. ಆ ಹೆಂಗಸರೇ ಕೂತು ನಗರದ ನಕ್ಷೆ ಬರೆದರು: ಎಲ್ಲಿ, ಯಾವ ಹೊತ್ತಿಗೆ, ಎಷ್ಟು ಜನ, ಪೊಲೀಸರ ಕಾಟ ಎಲ್ಲಿ, ರೌಡಿಗಳ ಕಾಟ ಎಲ್ಲಿ. ಆ ಗುಂಪೇ ಮುಂದೆ ಆಶೋದಯ ಸಮಿತಿಯಾಯಿತು. ಕಾಂಡೋಮ್ ಹಂಚುವುದು ಕೆಲಸದ ಒಂದು ತುಣುಕು ಮಾತ್ರ. ಕೈಚೀಲದಲ್ಲಿ ಕಾಂಡೋಮ್ ಸಿಕ್ಕಿತೆಂದು ಪೊಲೀಸರು ಹಿಡಿದರೆ ಬಿಡಿಸಿಕೊಂಡು ಬರಲು ಯಾರಾದರೂ ಬೇಕಲ್ಲ? ಹೊಡೆತ ತಿಂದು ಬಂದ ದಿನ ಕೂತು ಅಳಲು ಒಂದು ಜಾಗ ಬೇಕಲ್ಲ? ಅಷ್ಟೂ ಸಿಕ್ಕಿದ ಮೇಲೆಯೇ ಆರೋಗ್ಯದ ಮಾತಿಗೆ ಕಿವಿ ತೆರೆಯಿತು. ನಾಳೆ ಬೆಳಿಗ್ಗೆ ಬದುಕಿರುತ್ತೇನೋ ಇಲ್ಲವೋ ಎಂಬವಳಿಗೆ ಹತ್ತು ವರ್ಷದ ನಂತರ ಬರುವ ಕಾಯಿಲೆಯ ಭಯ ಹೇಳಿ ಏನು ಪ್ರಯೋಜನ?

ಮೈಸೂರಿನ ಈ ಕೆಲಸದ ಮೊದಲ ಎರಡು ವರ್ಷಗಳ ಫಲಿತಾಂಶವನ್ನು ಅಳೆದು ಪ್ರಕಟಿಸಿದ್ದಾರೆ, ಅಂಕಿಗಳನ್ನು ಗಮನವಿಟ್ಟು ಓದಬೇಕು. 2004ರಿಂದ 2006ರ ನಡುವೆ, ಅಪರೂಪಕ್ಕೆ ಬರುವ ಗಿರಾಕಿಯ ಜೊತೆ ಕಾಂಡೋಮ್ ಬಳಸಿದವರು ನೂರಕ್ಕೆ 65ರಿಂದ 90ಕ್ಕೆ ಏರಿದರು. ಸಿಫಿಲಿಸ್ ನೂರಕ್ಕೆ 25ರಿಂದ 12ಕ್ಕೆ ಇಳಿಯಿತು. ಎಚ್‌ಐವಿ ಪ್ರಮಾಣ ಮಾತ್ರ 26ರಿಂದ 24, ಹೆಚ್ಚೇನೂ ಕದಲಲಿಲ್ಲ. ಇದನ್ನು ಸೋಲು ಎಂದು ಓದುವವರಿದ್ದಾರೆ, ಅದು ತಪ್ಪು. ಸಿಫಿಲಿಸ್ ಇಂಜೆಕ್ಷನ್ನಿಗೆ ವಾಸಿಯಾಗುತ್ತದೆ, ಹೊಸದಾಗಿ ಹರಡದಿದ್ದರೆ ಅಂಕಿ ಬೇಗ ಬೀಳುತ್ತದೆ. ಎಚ್‌ಐವಿ ಒಮ್ಮೆ ಬಂದರೆ ಜೀವನಪೂರ್ತಿ ಇರುವಂಥದ್ದು. ಹೊಸ ಸೋಂಕು ನಿಂತರೂ ಹಳಬರು ಬದುಕಿರುವವರೆಗೆ ಅಂಕಿ ಹಾಗೇ ಇರುತ್ತದೆ, ಇರಲೂ ಬೇಕು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಅಂಕಿ ಇನ್ನೊಂದಿದೆ. ತಮ್ಮ ಕಾಯಂ ಸಂಗಾತಿಯ ಜೊತೆ, ಅಂದರೆ ಗಂಡ ಅಥವಾ ಗಂಡನಂತೆ ನಂಬಿಕೊಂಡವನ ಜೊತೆ, ಕಾಂಡೋಮ್ ಬಳಸಿದವರು ನೂರಕ್ಕೆ ಏಳರಿಂದ ಮೂವತ್ತಕ್ಕೆ ಏರಿದರು. ನಾಲ್ಕು ಪಟ್ಟು ಏರಿಕೆ, ನಿಜ; ಆದರೂ ಹತ್ತರಲ್ಲಿ ಏಳು ಜನ ಅಲ್ಲಿ ಬಳಸುತ್ತಿರಲಿಲ್ಲ. ಇದೇ ಹೆಂಗಸರು ಗಿರಾಕಿಯ ಹತ್ತಿರ ಗಟ್ಟಿಯಾಗಿ ನಿಲ್ಲಬಲ್ಲವರು. ಪ್ರೀತಿ ಇರುವಲ್ಲಿ ಕಾಂಡೋಮ್ ಕೇಳುವುದು ಅನುಮಾನ ಹೇಳಿದ ಹಾಗೆ ಆಗುತ್ತದೆ ಎಂಬ ಅಳುಕು. ಈಗ ನಮ್ಮ ಸಾಮಾನ್ಯ ಸಂಸಾರಗಳನ್ನು ನೆನಪಿಸಿಕೊಳ್ಳಿ. ಗಂಡ ದುಡಿಯಲು ಗೋವಾಕ್ಕೋ ಪುಣೆಗೋ ಹೋಗಿ ಹಬ್ಬಕ್ಕೆ ಬರುತ್ತಾನೆ. ಅವನನ್ನು ಆ ಹೆಂಡತಿ ಹೇಗೆ ಕೇಳಬೇಕು? ದೇಶದಲ್ಲಿ ಎಷ್ಟೋ ಹೆಂಗಸರಿಗೆ ಎಚ್‌ಐವಿ ಬಂದದ್ದು ಮದುವೆಯೊಳಗೆ, ಗಂಡನಿಂದ. ‘ಒಬ್ಬರೇ ಸಂಗಾತಿ, ನಿಷ್ಠೆಯ ಬಾಳು’ ಎಂಬ ಉಪದೇಶವನ್ನು ಅವರು ಅಕ್ಷರಶಃ ಪಾಲಿಸಿದವರು. ಹೀಗಿರುವಾಗ ಜಾಗೃತಿ ಸಭೆಗೆ ಹೆಂಗಸರನ್ನು ಮಾತ್ರ ಕರೆದು ಕೂರಿಸುವ ಪದ್ಧತಿ ನನಗೆ ಅನ್ಯಾಯವೆನಿಸುತ್ತದೆ. ಸ್ತ್ರೀಶಕ್ತಿ ಸಂಘದವರು ಬರುತ್ತಾರೆ, ಶಿಸ್ತಾಗಿ ಕೂರುತ್ತಾರೆ, ಫೋಟೊ ಚೆನ್ನಾಗಿ ಬರುತ್ತದೆ. ಮಾತು ತಲುಪಬೇಕಾದ ಗಂಡಸರು ಲಾರಿ ಸ್ಟ್ಯಾಂಡಿನಲ್ಲಿ, ಕಟ್ಟಡ ಕೆಲಸದ ಶೆಡ್ಡುಗಳಲ್ಲಿ, ಸಂಜೆಯ ಕ್ರಿಕೆಟ್ ಮೈದಾನದಲ್ಲಿ ಇರುತ್ತಾರೆ. ಅಲ್ಲಿಗೆ ಹೋಗುವುದು ಕಷ್ಟ, ಹೋಗಬೇಕು.

ಮಕ್ಕಳಿಗೆ ಹೇಳುವ ವಿಷಯದಲ್ಲೂ ನಮ್ಮ ರಾಜ್ಯದ ದಾಖಲೆ ಹೆಮ್ಮೆಪಡುವಂಥದ್ದಲ್ಲ. 2007ರಲ್ಲಿ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ಸಂಸ್ಕೃತಿಯ ಹೆಸರಲ್ಲಿ ಶಾಲೆಗಳಿಂದ ಹೊರಗಿಟ್ಟ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆ ಖಾಲಿ ಜಾಗವನ್ನು ಈಗ ಮೊಬೈಲ್ ತುಂಬಿದೆ, ಅದು ತುಂಬುತ್ತಿರುವುದು ಏನನ್ನು ಎಂದು ಎಲ್ಲರಿಗೂ ಗೊತ್ತಿದೆ. ಕಾಲೇಜುಗಳಲ್ಲಿ ರೆಡ್ ರಿಬ್ಬನ್ ಕ್ಲಬ್‌ಗಳಿವೆ. ಕೆಲವು ಕಡೆ ಚೆನ್ನಾಗಿ ನಡೆಯುತ್ತವೆ, ಹಲವು ಕಡೆ ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1ಕ್ಕೆ ಎದ್ದು 2ಕ್ಕೆ ಮಲಗುತ್ತವೆ.

ಇಷ್ಟರ ನಡುವೆ ಮದ್ದಿನ ಕಥೆ ಪೂರ್ತಿ ಬದಲಾಗಿದೆ. ನಮ್ಮ ಪಾಠ ಬದಲಾಗಿಲ್ಲ ಎಂಬುದೇ ನನ್ನ ಸಂಕಟ. 2004ರ ಏಪ್ರಿಲ್ 1ರಂದು ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಸರ್ಕಾರ ವೈರಸ್ಸನ್ನು ಹತ್ತಿಕ್ಕುವ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭಿಸಿತು. ಆಗ ಸಿಡಿ4 ಸಂಖ್ಯೆ ಬಹಳ ಇಳಿದವರಿಗಷ್ಟೇ ಮಾತ್ರೆ. 2017ರಿಂದ ನಿಯಮ ಬೇರೆ: ಸೋಂಕು ಖಚಿತವಾದ ಎಲ್ಲರಿಗೂ, ಸಿಡಿ4 ಎಷ್ಟೇ ಇರಲಿ, ಚಿಕಿತ್ಸೆ. ಈಗ ಹೆಚ್ಚಿನವರಿಗೆ ದಿನಕ್ಕೊಂದೇ ಮಾತ್ರೆ. ತಪ್ಪದೆ ನುಂಗಿದವರು ಸಕ್ಕರೆ ಕಾಯಿಲೆಯವರಂತೆಯೇ ದುಡಿಯುತ್ತಾರೆ, ಮದುವೆಯಾಗುತ್ತಾರೆ, ಮಕ್ಕಳನ್ನು ಪಡೆಯುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45; ಬಸಿರಿನಲ್ಲೇ ಪತ್ತೆಯಾಗಿ ಚಿಕಿತ್ಸೆ ಸಿಕ್ಕರೆ ಅದು ಐದಕ್ಕಿಂತ ಕೆಳಗಿಳಿಯುತ್ತದೆ.

ಇದಕ್ಕಿಂತ ದೊಡ್ಡ ಸುದ್ದಿ ಇನ್ನೊಂದು. ಚೆನ್ನೈ, ಪುಣೆಯ ದಂಪತಿಗಳೂ ಭಾಗವಹಿಸಿದ್ದ ಒಂದು ಅಂತರರಾಷ್ಟ್ರೀಯ ಅಧ್ಯಯನ, ಬೇಗ ಚಿಕಿತ್ಸೆ ಆರಂಭಿಸಿದವರಿಂದ ಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ತಗ್ಗುತ್ತದೆ ಎಂದು 2011ರಲ್ಲಿ ತೋರಿಸಿತು. ನಂತರ ಯುರೋಪಿನಲ್ಲಿ, ಒಬ್ಬರಿಗೆ ಸೋಂಕಿದ್ದು ಒಬ್ಬರಿಗಿಲ್ಲದ ನೂರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದರು. ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದಿದ್ದವರಿಂದ ಕಾಂಡೋಮ್ ಇಲ್ಲದೆಯೂ ಸಂಗಾತಿಗೆ ಸೋಂಕು ದಾಟಿದ್ದು ಸೊನ್ನೆ. ಒಂದು ಪ್ರಕರಣವೂ ಇಲ್ಲ. ಮಾತ್ರೆ ನುಂಗುವುದು ತನ್ನ ಪ್ರಾಣಕ್ಕೆ ಮಾತ್ರವಲ್ಲ, ಪಕ್ಕದಲ್ಲಿ ಮಲಗುವವರ ಪ್ರಾಣಕ್ಕೂ ಕಾವಲು. ಈ ವಿಷಯ ಗೊತ್ತಿರುವ ಊರಿನಲ್ಲಿ ಪರೀಕ್ಷೆಗೆ ಬರುವವರ ಸಂಖ್ಯೆ ತಾನಾಗಿ ಹೆಚ್ಚುತ್ತದೆ ಎಂದು ನಾನು ನಂಬಿದ್ದೇನೆ. ಗೋಡೆಯ ಮೇಲಿನ ತಲೆಬುರುಡೆ ಅಳಿಸಿ ಈ ಒಂದು ವಾಕ್ಯ ಬರೆಸಿದರೆ ಎಷ್ಟು ಚೆನ್ನ: ಚಿಕಿತ್ಸೆಯಿಂದ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದರೆ ಲೈಂಗಿಕ ಸಂಪರ್ಕದಿಂದ ಅದು ಹರಡುವುದಿಲ್ಲ.

ಕಾನೂನೂ ಬಂದಿದೆ. 2017ರ ಎಚ್‌ಐವಿ-ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಇನ್ನೊಬ್ಬರ ಸೋಂಕನ್ನು ಬಹಿರಂಗಪಡಿಸುವಂತಿಲ್ಲ, ಸೋಂಕಿದೆ ಎಂದು ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಹೊರಹಾಕುವಂತಿಲ್ಲ. ಇದು ಸ್ವಯಂಸೇವಕರಿಗೂ ಅನ್ವಯಿಸುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಊರಿನಲ್ಲಿ ಯಾರಿಗೆ ಸೋಂಕಿದೆ ಎಂಬುದು ಕಿವಿಗೆ ಬಿದ್ದರೆ ಅದು ಅಲ್ಲೇ ಉಳಿಯಬೇಕು, ತಮ್ಮ ಹೆಂಡತಿಗೂ ಹೇಳಬಾರದು, ಸಹಾಯ ಮಾಡುವ ನೆಪದಲ್ಲೂ ಹೇಳಬಾರದು. ಗುಟ್ಟು ಉಳಿಸಿಕೊಳ್ಳಲು ಬಾರದವರು ಈ ಕೆಲಸಕ್ಕೆ ಬೇಡ. ರಕ್ತದಾನ ಶಿಬಿರದಲ್ಲಿ ಬೇಕಾದಷ್ಟು ಕೆಲಸವಿದೆ, ಅಲ್ಲಿ ಮಾಡಲಿ.

ಹಾಗಾದರೆ ಆಸಕ್ತಿ ಇದ್ದವರು ಎಲ್ಲಿಂದ ಶುರು ಮಾಡಬೇಕು? ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಎಚ್‌ಐವಿ ಪರೀಕ್ಷೆ ಮತ್ತು ಸಲಹೆ ಸಿಗುವ ಐಸಿಟಿಸಿ ಕೊಠಡಿ ಎಲ್ಲಿದೆ ಎಂದು ಕೇಳಿ. ಅಲ್ಲಿ ಕೂರುವ ಕೌನ್ಸೆಲರ್ ಜೊತೆ ಅರ್ಧ ದಿನ ಕಳೆದರೆ ಪುಸ್ತಕಗಳಲ್ಲಿ ಸಿಗದಷ್ಟು ಕಲಿಯುತ್ತೀರಿ. ಕಾರಿಡಾರಿನಲ್ಲಿ ನಿಂತವರು ಬೋರ್ಡ್ ನೋಡಿ ಹಿಂದಕ್ಕೆ ತಿರುಗುವುದನ್ನು ನೋಡುತ್ತೀರಿ. ಹಳ್ಳಿಗಳ ಗುಂಪಿಗೆ ಒಬ್ಬರಂತೆ ಇರುವ ಲಿಂಕ್ ವರ್ಕರ್‌ಗಳನ್ನು, ಆಶಾ ಕಾರ್ಯಕರ್ತೆಯರನ್ನು ಪರಿಚಯ ಮಾಡಿಕೊಳ್ಳಿ. ಸರ್ಕಾರದ ಯೋಜನೆಗಳಲ್ಲಿ ಸುಮಾರು ಅರವತ್ತು ಜನರ ಹೊಣೆ ಹೊತ್ತ, ಅದೇ ಸಮುದಾಯದವರೇ ಆದ ಒಬ್ಬ ಪಿಯರ್ ಎಜುಕೇಟರ್‌ಗೆ ಸಿಗುವ ಗೌರವಧನ ಅಲ್ಪ. ಅವರ ಕೆಲಸಕ್ಕೆ ನಮ್ಮ ಬಿಡುವಿನ ವೇಳೆ ಸೇರಿದರೆ ಅದೇ ದೊಡ್ಡ ನೆರವು. 1097 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಳ್ಳಿ, ಸಭೆ ಮುಗಿಯುವ ಮುನ್ನ ಎಲ್ಲರ ಕೈಯಲ್ಲೂ ಬರೆಸಿ. ಗೊತ್ತಿಲ್ಲದ ಪ್ರಶ್ನೆ ಬಂದರೆ ಊಹಿಸಿ ಹೇಳಬೇಡಿ, ಕೇಳಿಕೊಂಡು ಬಂದು ಹೇಳುತ್ತೇನೆ ಎನ್ನಿ, ಮತ್ತೆ ಹೋಗಿ ಹೇಳಿ. ಆಗಲೇ ಜನರಿಗೆ ನಂಬಿಕೆ ಹುಟ್ಟುವುದು.

ಸಭೆ ಮುಗಿದ ಮೇಲೆ ಕುರ್ಚಿ ಜೋಡಿಸುವ ನೆಪದಲ್ಲಿ ಒಬ್ಬರು ಹಿಂದೆ ಉಳಿಯುತ್ತಾರೆ. ಆ ಒಬ್ಬರಿಗಾಗಿ ಸಮಯ ಇಟ್ಟುಕೊಂಡೇ ಹೋಗಬೇಕು, ಬಸ್ಸು ತಪ್ಪಿದರೂ ಸರಿ. ಪರೀಕ್ಷೆ ಮಾಡಿಸಿಕೊಳ್ಳಲು ಒಪ್ಪಿದರೆ, ಅವರು ಬಯಸಿದರೆ, ಜೊತೆಗೆ ಹೋಗಿ. ಊರಿನ ಆಸ್ಪತ್ರೆಯಲ್ಲಿ ಪರಿಚಯದವರ ಭಯವಿದ್ದರೆ ಪಕ್ಕದ ತಾಲ್ಲೂಕಿಗೆ ಹೋಗಬಹುದು, ಎಲ್ಲ ಐಸಿಟಿಸಿಗಳಲ್ಲೂ ಪರೀಕ್ಷೆ ಉಚಿತ. ನೆಗೆಟಿವ್ ಬಂದರೆ ಮೂರು ತಿಂಗಳ ನಂತರದ ತಾರೀಖನ್ನು ನೆನಪಿಸಿ. ಪಾಸಿಟಿವ್ ಬಂದರೆ ಆ ವಾರದೊಳಗೇ ಎಆರ್‌ಟಿ ಕೇಂದ್ರದ ಮೊದಲ ಭೇಟಿ ಆಗಬೇಕು. ಎಷ್ಟೋ ಜನ ಕಳೆದುಹೋಗುವುದು ಪರೀಕ್ಷೆಗೂ ಆ ಭೇಟಿಗೂ ನಡುವಿನ ದಿನಗಳಲ್ಲೇ. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ತಲೆಸುತ್ತೋ ವಾಕರಿಕೆಯೋ ಬಂದರೆ ಬಿಟ್ಟುಬಿಡಬೇಡಿ, ವೈದ್ಯರಿಗೆ ಹೇಳಿ ಎಂದು ಮೊದಲೇ ತಿಳಿಸಿರಬೇಕು. ಆರು ತಿಂಗಳಿಗೆ ವೈರಲ್ ಲೋಡ್ ಪರೀಕ್ಷೆ ಆಗುತ್ತದೆ. ವೈರಸ್ ಎಷ್ಟು ಇಳಿದಿದೆ ಎಂದು ಹೇಳುವ ವರದಿ ಅದು, ಅದನ್ನು ಓದುವುದನ್ನು ನೀವೂ ಕಲಿತುಕೊಳ್ಳಿ.